2⁶⁷ − 1 ತಪ್ಪು ಉತ್ತರ ಕೊಡುತ್ತಿದೆಯೇ? 21 ಅಂಕಿಯ ಒಂದು ಸಂಖ್ಯೆಗೆ ದೋಷ ನಿವಾರಣೆ ಕೈಪಿಡಿ

ಎರಡರ 67ನೇ ಘಾತದಿಂದ ಒಂದನ್ನು ಕಳೆದರೆ ಸಿಗುವ ಸಂಖ್ಯೆ ಇದು:

147573952589676412927

ನಮ್ಮ ಲಕ್ಷ, ಕೋಟಿಯ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 14,75,73,95,25,89,67,64,12,927. ಉಡುಪಿ, ಮಂಗಳೂರು ಕಡೆಯ ಶಾಲೆಗಳಲ್ಲಿ ವಿಜ್ಞಾನ ಮೇಳದ ತಯಾರಿ ಆರಂಭವಾದಾಗ ಗಣಿತದ ಮಾದರಿಗೆಂದು ಇದನ್ನು ಎತ್ತಿಕೊಳ್ಳುವ ಮಕ್ಕಳು ಇದ್ದೇ ಇರುತ್ತಾರೆ. ಎತ್ತಿಕೊಳ್ಳಲು ತಕ್ಕ ಕಾರಣವೂ ಇದೆ. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇದು ಅವಿಭಾಜ್ಯ ಸಂಖ್ಯೆ ಎಂದಿತ್ತು. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಲುಕಾಸ್ ಇದು ಅವಿಭಾಜ್ಯವಲ್ಲ ಎಂದು ಸಾಧಿಸಿದ, ಆದರೆ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ ಎಂದು ಹೇಳಲು ಅವನಿಂದಲೂ ಆಗಲಿಲ್ಲ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎರಡು ಅಪವರ್ತನಗಳನ್ನು ಮುಂದಿಟ್ಟ:

193707721 × 761838257287

ಇಷ್ಟು ಗೊತ್ತಿರುವ ಸಂಖ್ಯೆಯನ್ನು ಮತ್ತೆ ಪರೀಕ್ಷಿಸಲು ಹೊರಟಾಗ ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಹೋಗುತ್ತವೆ. ಒಂದು ಯಂತ್ರ ಸಮಸಂಖ್ಯೆ ಎನ್ನುತ್ತದೆ, ಇನ್ನೊಂದು ಅವಿಭಾಜ್ಯ ಎನ್ನುತ್ತದೆ, ಮತ್ತೊಂದು ಋಣ ಒಂದು ತೋರಿಸುತ್ತದೆ. ಹೀಗಾದಾಗ ಹೆಚ್ಚಿನವರು ಮೊದಲು ತಮ್ಮ ಗಣಿತವನ್ನೇ ಅನುಮಾನಿಸುತ್ತಾರೆ. ನಾನು ಕಂಡ ಬಹುಪಾಲು ಪ್ರಕರಣಗಳಲ್ಲಿ ಗಣಿತ ಸರಿಯಾಗಿಯೇ ಇತ್ತು. 21 ಅಂಕಿಗಳಲ್ಲಿ ಕೆಲವು ದಾರಿಯಲ್ಲೇ ಉದುರಿ ಹೋಗಿದ್ದವು. ಆದುದರಿಂದ ಕೆಳಗಿನ ತಪಾಸಣೆಗಳಲ್ಲಿ ಅಂಕಿಗಳು ಪೂರ್ತಿ ಇವೆಯೇ ಎಂಬುದು ಮೊದಲು, ಅವಿಭಾಜ್ಯವೇ ಅಲ್ಲವೇ ಎಂಬುದು ಆಮೇಲೆ.

ಮೊದಲು ಕಾಗದದ ಮೇಲಿನ ತಪಾಸಣೆ

ಯಾವ ಲಕ್ಷಣವೇ ಇರಲಿ, ಇದನ್ನು ಮಾಡದೆ ಮುಂದೆ ಹೋಗಬೇಡಿ. ಖರ್ಚಿಲ್ಲ, ಕರೆಂಟೂ ಬೇಡ.

ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತದೆ. 67ನ್ನು 4ರಿಂದ ಭಾಗಿಸಿದರೆ ಶೇಷ 3, ಅಂದರೆ 2⁶⁷ರ ಕೊನೆಯ ಅಂಕಿ 8, ಒಂದು ಕಳೆದರೆ 7. ಕೊನೆಯ ಎರಡು ಅಂಕಿಗಳ ಸುತ್ತು 20ರದ್ದು. ಹಾಗಾಗಿ 2⁶⁷ರ ಕೊನೆ 2⁷ರ ಕೊನೆಯಂತೆಯೇ, ಅಂದರೆ 28. ಒಂದು ಕಳೆದರೆ 27. ನಿಮ್ಮ ಮುಂದಿರುವ ಸಂಖ್ಯೆ 27ರಲ್ಲಿ ಮುಗಿಯದಿದ್ದರೆ ಅದು ಈ ಸಂಖ್ಯೆಯೇ ಅಲ್ಲ.

ಅಂಕಿಗಳ ಎಣಿಕೆ 21 ಇರಬೇಕು. ಅಂಕಿಗಳ ಮೊತ್ತ 109 ಬರಬೇಕು. ಎಣಿಸುವಾಗ ಕಣ್ಣು ಜಾರುತ್ತದೆ, ಅದಕ್ಕೆ ಗ್ರಾಫ್ ಹಾಳೆ ಒಳ್ಳೆಯದು. ಕಾಪು ಹತ್ತಿರದ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳು ಚೌಕಕ್ಕೊಂದು ಅಂಕಿ ಬರೆದು, ಬಲದಿಂದ ಮೂರು ಮೂರು ಚೌಕಕ್ಕೆ ಕೆಂಪು ಗೆರೆ ಎಳೆದಿದ್ದಳು. ಏಳು ಕೋಣೆ, ಕೋಣೆಗೆ ಮೂರು ಅಂಕಿ: 147 | 573 | 952 | 589 | 676 | 412 | 927. ಇದಕ್ಕಿಂತ ಚೆನ್ನಾದ ಕ್ರಮ ನನಗೆ ತಿಳಿದಿಲ್ಲ. ಒಂದು ಅಂಕಿ ಬಿಟ್ಟುಹೋದರೆ ಎಡಗಡೆಯ ಕೋಣೆಯಲ್ಲಿ ಎರಡೇ ಉಳಿದು ತಪ್ಪು ತಾನಾಗಿ ಕಾಣುತ್ತದೆ.

ಲಕ್ಷಣ: ಕೊನೆಯಲ್ಲಿ ಸೊನ್ನೆಗಳ ಸಾಲು, ಅಥವಾ 7ರ ಬದಲು 8

ಅತಿ ಸಾಮಾನ್ಯವಾದ ದೋಷ ಇದೇ. ಸ್ಪ್ರೆಡ್‌ಶೀಟಿನ ಕೋಶದಲ್ಲಿ 21 ಅಂಕಿ ಟೈಪ್ ಮಾಡಿ ಎಂಟರ್ ಒತ್ತಿದರೆ ಮೊದಲು 1.47574E+20 ಎಂದು ಕಾಣುತ್ತದೆ. ಕೋಶದ ಅಗಲ ಹೆಚ್ಚಿಸಿ, ಸಂಖ್ಯೆಯ ರೂಪಕ್ಕೆ ಬದಲಿಸಿದರೆ 147573952589676000000. ಮೊದಲ 15 ಅಂಕಿ ಉಳಿದವು, ಕೊನೆಯ ಆರು ಹೋದವು. ಸ್ಪ್ರೆಡ್‌ಶೀಟುಗಳು ಸಾಮಾನ್ಯವಾಗಿ 15 ಅಂಕಿಗಳ ನಿಖರತೆಯನ್ನಷ್ಟೇ ಕೊಡುತ್ತವೆ. ಹೋದ ಆರನ್ನು ಆಮೇಲೆ ಯಾವ ಬಟನ್ ಒತ್ತಿದರೂ ತರಲಾಗದು. ಒಂದು ಮುಡಿ ಅಕ್ಕಿಯನ್ನು ಒಂದು ಸೇರಿನ ಪಾತ್ರೆಗೆ ಸುರಿದ ಹಾಗೆ, ಪಾತ್ರೆಯಲ್ಲಿ ಉಳಿದದ್ದು ಮಾತ್ರ ನಿಮ್ಮದು.

ಕೊನೆಯ ಅಂಕಿ 8 ಬಂದಿದ್ದರೆ ಕಾರಣ ಅದೇ, ಆದರೆ ರೂಪ ಬೇರೆ. ಕಂಪ್ಯೂಟರುಗಳು ದಶಾಂಶ ಸಂಖ್ಯೆಗಳನ್ನು ಇಡುವ 64 ಬಿಟ್‌ಗಳ (ಬಿಟ್ ಎಂದರೆ 0 ಅಥವಾ 1 ಹಿಡಿಯುವ ಒಂದು ಜಾಗ) ಕೋಶದಲ್ಲಿ ಅಂಕಿಗಳಿಗೆ ಸಿಗುವುದು 53 ಬಿಟ್ ಮಾತ್ರ. 2⁵³, ಅಂದರೆ 9007199254740992ರ ತನಕ ಎಲ್ಲ ಪೂರ್ಣಾಂಕಗಳೂ ಅಲ್ಲಿ ಸರಿಯಾಗಿ ನಿಲ್ಲುತ್ತವೆ. ಅದರಾಚೆ ಅಂತರ ಹೆಚ್ಚುತ್ತಾ ಹೋಗುತ್ತದೆ. ನಮ್ಮ ಸಂಖ್ಯೆಯ ನೆರೆಯಲ್ಲಿ ಆ ಕೋಶಕ್ಕೆ ಸಿಗುವ ಅತಿ ಹತ್ತಿರದ ಬೆಲೆ 2⁶⁷ ತಾನೇ, 147573952589676412928. ಒಂದನ್ನು ಕಳೆದದ್ದು ದಾಖಲಾಗಲೇ ಇಲ್ಲ. ಆದುದರಿಂದಲೇ ಯಂತ್ರ ಇದನ್ನು ಸಮಸಂಖ್ಯೆ ಎನ್ನುತ್ತದೆ, 2ರಿಂದ ಮತ್ತೆ ಮತ್ತೆ ಭಾಗಿಸಿ ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿದವರಿಗೆ 147573952589676410000 ಎಂದು ಕಾಣುವುದೂ ಇದೇ ದೋಷ.

ಪರಿಹಾರ ಸುಲಭ. ಸ್ಪ್ರೆಡ್‌ಶೀಟಿನಲ್ಲಿ ಬರಿದೇ ಬರೆದಿಡುವುದಾದರೆ ಸಂಖ್ಯೆಯ ಮುಂದೆ ಒಂದು ಮೇಲ್ಚಿಹ್ನೆ (') ಹಾಕಿ, ಪಠ್ಯವಾಗಿ ಉಳಿಯುತ್ತದೆ. ಲೆಕ್ಕ ಮಾಡಬೇಕಾದರೆ ಪೈಥಾನ್‌ನಂತಹ ಭಾಷೆಗೆ ಹೋಗಿ. ಅಲ್ಲಿ ಪೂರ್ಣಾಂಕಗಳಿಗೆ ಅಂಕಿಯ ಮಿತಿ ಇಲ್ಲ, 2**67 - 1 ಎಂದು ಬರೆದರೆ 21 ಅಂಕಿಯೂ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ದೊಡ್ಡ ಪೂರ್ಣಾಂಕಕ್ಕೆ ಪ್ರತ್ಯೇಕ ಬಗೆಯೊಂದಿದೆ, ಅದನ್ನು ಬಳಸಿ. ಅಂಗಡಿಗಳ ಮೇಜಿನ ಮೇಲಿರುವ 12 ಅಂಕಿಯ ಕ್ಯಾಲ್ಕುಲೇಟರಿನಿಂದ ಇದನ್ನು ನಿರೀಕ್ಷಿಸಬೇಡಿ.

ಲಕ್ಷಣ: ಉತ್ತರ −1, ಅಥವಾ 7, ಅಥವಾ 18446744073709551615

ಮೂರೂ ಒಂದೇ ರೋಗದ ಮೂರು ಮುಖ. ಸಂಖ್ಯೆಯನ್ನು 64 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಯಲು ನೋಡಿದ್ದೀರಿ, ಅದಕ್ಕೆ 67 ಬಿಟ್ ಬೇಕು.

ಒಂದನ್ನು ಮತ್ತೆ ಮತ್ತೆ ಇಮ್ಮಡಿಸುತ್ತಾ ಹೋದರೆ 64ನೇ ಹೆಜ್ಜೆಯಲ್ಲಿ ಅದು ಕೋಶದ ಆಚೆ ಬಿದ್ದು ಸೊನ್ನೆ ಉಳಿಯುತ್ತದೆ. ಆಮೇಲೆ ಎಷ್ಟು ಇಮ್ಮಡಿಸಿದರೂ ಸೊನ್ನೆ. ಅದರಿಂದ ಒಂದು ಕಳೆದರೆ −1. ಚಿಹ್ನೆಯಿಲ್ಲದ, ಅಂದರೆ ಋಣ ಸಂಖ್ಯೆ ಹಿಡಿಯದ ಕೋಶವಾದರೆ ಅದೇ −1 ತುಂಬಿದ ಕೋಶವಾಗಿ, 2⁶⁴ − 1 ಆಗಿ, ಅಂದರೆ ಮೇಲಿನ 20 ಅಂಕಿಯ ಸಂಖ್ಯೆಯಾಗಿ ಕಾಣುತ್ತದೆ. 7 ಬರುವುದು ಜಾವಾದಲ್ಲಿ ಬಿಟ್‌ಗಳನ್ನು ಎಡಕ್ಕೆ ಸರಿಸಿದಾಗ: 67 ಸ್ಥಾನ ಸರಿಸು ಎಂದರೆ ಅದು 64ನ್ನು ಬಿಟ್ಟು 3 ಸ್ಥಾನ ಮಾತ್ರ ಸರಿಸುತ್ತದೆ. 8ರಿಂದ ಒಂದು ಕಳೆದರೆ 7. ಜಾವಾದಲ್ಲಿ ದೊಡ್ಡ ಪೂರ್ಣಾಂಕಕ್ಕೆಂದೇ ಇರುವ ಬಗೆ (BigInteger) ಬಳಸಿದರೆ ಮೂರೂ ಮಾಯವಾಗುತ್ತವೆ.

ಸಿ ಭಾಷೆಯವರಿಗೊಂದು ಎಚ್ಚರಿಕೆ. 64 ಬಿಟ್‌ನ ಕೋಶವನ್ನು 67 ಸ್ಥಾನ ಸರಿಸಿದರೆ ಏನಾಗಬೇಕು ಎಂಬುದನ್ನು ಆ ಭಾಷೆ ನಿಗದಿಪಡಿಸಿಲ್ಲ. ಇಂದು 7 ಬಂದದ್ದು ನಾಳೆ ಬೇರೊಂದು ಯಂತ್ರದಲ್ಲಿ ಬೇರೆಯೇ ಬರಬಹುದು, ಆದುದರಿಂದ ಬಂದ ಉತ್ತರದಿಂದ ದೋಷವನ್ನು ಊಹಿಸಲು ಹೋಗಬೇಡಿ.

ಲಕ್ಷಣ: ಅಂಟಿಸಿದ ಸಂಖ್ಯೆಯನ್ನು ಪ್ರೋಗ್ರಾಂ ಒಪ್ಪುತ್ತಿಲ್ಲ

ಅಲ್ಪವಿರಾಮಗಳನ್ನು ತೆಗೆಯಿರಿ. ಮಧ್ಯದ ಖಾಲಿ ಜಾಗಗಳನ್ನೂ ತೆಗೆಯಿರಿ, ವಾಟ್ಸ್ಆ್ಯಪ್ ಸಂದೇಶದಿಂದ ನಕಲಿಸಿದ್ದರೆ ಸಾಲು ಮುರಿದಿರುವುದುಂಟು. ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ೦ ಇರಬೇಕಾದಲ್ಲಿ ಅನುಸ್ವಾರದ ಸೊನ್ನೆ ಕುಳಿತಿದೆಯೇ ನೋಡಿ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಒಂದು ಅಂಕಿ, ಇನ್ನೊಂದು ಅಕ್ಷರ. ನಮ್ಮ 21 ಅಂಕಿಗಳಲ್ಲಿ ಸೊನ್ನೆಯೇ ಇಲ್ಲ, ಆದರೆ 193707721ರಲ್ಲಿ ಒಂದಿದೆ.

ಲಕ್ಷಣ: ಸಣ್ಣ ಸಂಖ್ಯೆಗಳೆಲ್ಲದರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತಿದೆ

3ರಿಂದ ಹೋಗುತ್ತದೆ, 5ರಿಂದ ಹೋಗುತ್ತದೆ, 7, 11, 13ರಿಂದಲೂ ಹೋಗುತ್ತದೆ ಎಂದು ಪ್ರೋಗ್ರಾಂ ಹೇಳುತ್ತಿದ್ದರೆ ಭಾಗಾಕಾರದ ಚಿಹ್ನೆಯನ್ನು ನೋಡಿ. ಪೈಥಾನ್‌ನಲ್ಲಿ ಒಂಟಿ ಗೆರೆ (/) ದಶಾಂಶದ ಉತ್ತರ ಕೊಡುತ್ತದೆ. ಆ ಉತ್ತರ 2⁵²ನ್ನು ಮೀರಿದ್ದರೆ ಅದರಲ್ಲಿ ಭಿನ್ನಾಂಶಕ್ಕೆ ಜಾಗವೇ ಇರುವುದಿಲ್ಲ. "ಭಾಗಲಬ್ಧ ಪೂರ್ಣಾಂಕವೇ?" ಎಂದು ಕೇಳಿದರೆ ಯಾವಾಗಲೂ ಹೌದು ಎನ್ನುತ್ತದೆ.

ಈ ಸುಳ್ಳು ಎಲ್ಲಿಯ ತನಕ ನಡೆಯುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. 2⁶⁷ನ್ನು 2⁵²ರಿಂದ ಭಾಗಿಸಿದರೆ 2¹⁵, ಅಂದರೆ 32768. ಭಾಜಕ ಇದಕ್ಕಿಂತ ಚಿಕ್ಕದಿದ್ದಷ್ಟು ಕಾಲ ಪ್ರತಿಯೊಂದೂ ಅಪವರ್ತನದಂತೆ ಕಾಣುತ್ತದೆ. ನಿಮ್ಮ ಪಟ್ಟಿಯಲ್ಲಿ 32768ರ ತನಕ ಎಲ್ಲವೂ ಇದ್ದು, ಆಮೇಲೆ ಚದುರಿದಂತೆ ಇದ್ದರೆ ಇದೇ ದೋಷ ಎಂದು ಕಣ್ಣು ಮುಚ್ಚಿ ಹೇಳಬಹುದು. ಭಾಗಲಬ್ಧವನ್ನು ಬಿಟ್ಟು ಶೇಷವನ್ನು ಕೇಳಿ: ಶೇಕಡಾ ಚಿಹ್ನೆ (%) ಬಳಸಿ, ಸೊನ್ನೆ ಬಂದರೆ ಮಾತ್ರ ಒಪ್ಪಿ.

ಲಕ್ಷಣ: ಎರಡು ಅಪವರ್ತನಗಳನ್ನು ಗುಣಿಸಿದರೆ ಮೂಲ ಸಂಖ್ಯೆ ಬರುತ್ತಿಲ್ಲ

ಇಲ್ಲಿ ಅವಸರ ಬೇಡ. ಮೊದಲು ಗುಣಿಸದೆಯೇ ಪರೀಕ್ಷಿಸಿ.

ಒಂಬತ್ತರ ಪರೀಕ್ಷೆ: 193707721ರ ಅಂಕಿಗಳ ಮೊತ್ತ 37, 9ರಿಂದ ಭಾಗಿಸಿದರೆ ಶೇಷ 1. 761838257287ರ ಮೊತ್ತ 64, ಶೇಷ 1. ಒಂದೊಂದ್ಲಿ ಒಂದು. ಗುಣಲಬ್ಧದ ಮೊತ್ತ 109, ಶೇಷ 1. ಸರಿಹೋಯಿತು. ಆದರೆ ಈ ಪರೀಕ್ಷೆಗೆ ಒಂದು ಕುರುಡು ಜಾಗವಿದೆ. ಪಕ್ಕದ ಎರಡು ಅಂಕಿ ಅದಲು ಬದಲಾದರೆ ಮೊತ್ತ ಬದಲಾಗುವುದಿಲ್ಲ. ಕೊನೆಯ 412927 ಎಂಬುದನ್ನು 412297 ಎಂದು ಬರೆದಿದ್ದರೂ ಮೊತ್ತ 109 ಆಗಿಯೇ ಉಳಿಯುತ್ತದೆ. ಬೋರ್ಡಿನಿಂದ ನಕಲು ಮಾಡುವಾಗ ಆಗುವ ತಪ್ಪು ಹೆಚ್ಚಾಗಿ ಇದೇ ಜಾತಿಯದು.

ಅದಕ್ಕೆ ಹನ್ನೊಂದರ ಪರೀಕ್ಷೆ. ಬಲದಿಂದ ಎಣಿಸಿ ಬೆಸ ಸ್ಥಾನದ ಅಂಕಿಗಳನ್ನು ಕೂಡಿ, ಅದರಿಂದ ಸಮ ಸ್ಥಾನದವುಗಳ ಮೊತ್ತವನ್ನು ಕಳೆಯಿರಿ. ನಮ್ಮ ಸಂಖ್ಯೆಗೆ 63 − 46 = 17, 11ರಿಂದ ಭಾಗಿಸಿದರೆ ಶೇಷ 6. ಅದಲು ಬದಲಾದ ಸಂಖ್ಯೆಗೆ 56 − 53 = 3, ತಪ್ಪು ಸಿಕ್ಕಿಬಿತ್ತು. ಅಪವರ್ತನಗಳಿಗೆ ಮಾಡಿದರೆ ಮೊದಲನೆಯದಕ್ಕೆ 12 − 25 = −13, ಎರಡು ಸಲ 11 ಕೂಡಿದರೆ 9; ಎರಡನೆಯದಕ್ಕೆ 36 − 28 = 8. 9 × 8 = 72, 11ರಿಂದ ಶೇಷ 6. ತಾಳೆಯಾಯಿತು.

ಎರಡೂ ಪರೀಕ್ಷೆ ಪಾಸಾಗಿ ಇನ್ನೂ ಸಂಶಯವಿದ್ದರೆ ನಿಜವಾಗಿ ಗುಣಿಸಿ. ಸ್ಪ್ರೆಡ್‌ಶೀಟನ್ನು ಇಲ್ಲಿ ಮತ್ತೆ ಕರೆಯಬಹುದು, ಏಕೆಂದರೆ ಚಿಕ್ಕ ಅಪವರ್ತನವನ್ನು 193, 707, 721 ಎಂದು ಮೂರು ತುಂಡು ಮಾಡಿದರೆ ಪ್ರತಿ ಗುಣಲಬ್ಧವೂ ಸರಿಯಾಗಿ 15 ಅಂಕಿಯಲ್ಲಿ ನಿಲ್ಲುತ್ತದೆ:

761838257287 × 721 = 549285383503927
761838257287 × 707 = 538619647901909
761838257287 × 193 = 147034783656391

ಎರಡನೆಯ ಸಾಲನ್ನು ಮೂರು ಸ್ಥಾನ, ಮೂರನೆಯದನ್ನು ಆರು ಸ್ಥಾನ ಎಡಕ್ಕೆ ಸರಿಸಿ ಗ್ರಾಫ್ ಹಾಳೆಯಲ್ಲಿ ಬರೆದು ಕೂಡಿ. ಕೂಡುವುದನ್ನು ಸ್ಪ್ರೆಡ್‌ಶೀಟಿಗೆ ಕೊಟ್ಟರೆ ಮತ್ತೆ ಆರು ಸೊನ್ನೆ ಬರುತ್ತವೆ. ಕೈಯಲ್ಲೇ ಕೂಡಿದಾಗ 147573952589676412927 ಒಂದೊಂದೇ ಅಂಕಿಯಾಗಿ ಬಲದಿಂದ ಇಳಿದು ಬರುವುದನ್ನು ನೋಡಬೇಕು. ಕೋಲ್ ಕೂಡ ಆ ಸಭೆಯಲ್ಲಿ ಬೋರ್ಡಿನ ಮೇಲೆ ಗುಣಿಸಿಯೇ ತೋರಿಸಿದ ಎಂದು ಹೇಳುತ್ತಾರೆ. ವಿಜ್ಞಾನ ಮೇಳದಲ್ಲಿ ತೀರ್ಪುಗಾರರ ಎದುರು ಮಾಡಲು ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇರೆ ಬೇಕಿಲ್ಲ.

ಲಕ್ಷಣ: ಪರೀಕ್ಷೆ "ಅವಿಭಾಜ್ಯ" ಎನ್ನುತ್ತಿದೆ, ಆದರೆ ಅಪವರ್ತನ ಕಣ್ಣೆದುರಿಗಿದೆ

ಈಗ ಅಂಕಿಗಳು ಸರಿ ಇವೆ, ದೋಷ ಬೇರೆಡೆ ಇದೆ. ಇದು ನನಗೆ ಅತ್ಯಂತ ಪ್ರಿಯವಾದ ಪ್ರಕರಣ, ಏಕೆಂದರೆ ಇಲ್ಲಿ ಯಂತ್ರವೂ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ.

ಫರ್ಮಾನ ಪರೀಕ್ಷೆ ಹೀಗೆ: ಸಂಖ್ಯೆ ನ ಎಂಬುದು ಎರಡಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, 2ರ (ನ − 1)ನೇ ಘಾತವನ್ನು ನ ಇಂದ ಭಾಗಿಸಿದಾಗ ಶೇಷ 1 ಬರಲೇಬೇಕು. ನಮ್ಮ ಸಂಖ್ಯೆಗೆ ಇದನ್ನು ಮಾಡಿದರೆ ಶೇಷ 1 ಬರುತ್ತದೆ. ಹಾಗಾದರೆ ಅವಿಭಾಜ್ಯವೇ? ಅಲ್ಲ. ಅವಿಭಾಜ್ಯವಾದರೆ 1 ಬರುತ್ತದೆ ಎಂದಷ್ಟೇ ನಿಯಮ ಹೇಳುವುದು. 1 ಬಂದರೆ ಅವಿಭಾಜ್ಯ ಎಂದು ಹೇಳುವುದಿಲ್ಲ.

ಎರಡರ ಅವಿಭಾಜ್ಯ ಘಾತದಿಂದ ಒಂದು ಕಳೆದ ಈ ಜಾತಿಯ ಸಂಖ್ಯೆಗಳಿಗೆ 2ನ್ನು ಆಧಾರವಾಗಿ ಇಟ್ಟರೆ ಶೇಷ ಯಾವಾಗಲೂ 1 ಬರುತ್ತದೆ. ಕಾರಣವನ್ನು ಎರಡು ಹೆಜ್ಜೆಯಲ್ಲಿ ನೋಡಬಹುದು. 2⁶⁷ನ್ನು 2⁶⁷ − 1ರಿಂದ ಭಾಗಿಸಿದರೆ ಶೇಷ 1 ಎಂಬುದು ಸ್ವಯಂಸಿದ್ಧ. ಹಾಗಾಗಿ ಘಾತಾಂಕ 67ರ ಯಾವ ಗುಣಕವಾದರೂ ಶೇಷ 1. ಈಗ ನ − 1 ಎಂದರೆ 2⁶⁷ − 2. 67 ಸ್ವತಃ ಅವಿಭಾಜ್ಯವಾದ್ದರಿಂದ ಫರ್ಮಾನ ನಿಯಮದಂತೆ ಇದು 67ರಿಂದ ಭಾಗವಾಗುತ್ತದೆ. ಮುಗಿಯಿತು. ಸಂಖ್ಯೆ ಅವಿಭಾಜ್ಯವಾಗಿರಲಿ, ಸಂಯುಕ್ತವಾಗಿರಲಿ, 2ರ ಪರೀಕ್ಷೆ ಒಂದೇ ಉತ್ತರ ಕೊಡುತ್ತದೆ, ಅಂದರೆ ಏನನ್ನೂ ಹೇಳುವುದಿಲ್ಲ.

ಚಿಕ್ಕ ಮಾದರಿಯಲ್ಲಿ ಖಾತ್ರಿ ಮಾಡಿಕೊಳ್ಳಿ. 2¹¹ − 1 = 2047, ಅದು 23 × 89. 2ರ 2046ನೇ ಘಾತದ ಶೇಷ 1. ಆಧಾರವನ್ನು 3 ಮಾಡಿದರೆ ಶೇಷ 1013. ಸಂಯುಕ್ತ ಎಂಬುದು ಬಯಲಾಯಿತು. ನಿಮ್ಮ ಪ್ರೋಗ್ರಾಂ 2047ಕ್ಕೆ ಈ ಎರಡು ಉತ್ತರ ಕೊಟ್ಟರೆ ಅದು ಆರೋಗ್ಯವಾಗಿದೆ. ಆಮೇಲೆ ದೊಡ್ಡ ಸಂಖ್ಯೆಗೂ 3, 5ರಂತಹ ಬೇರೆ ಆಧಾರಗಳನ್ನು ಕೊಟ್ಟು ನೋಡಿ.

ಖಚಿತ ಉತ್ತರ ಬೇಕಿದ್ದರೆ ಲುಕಾಸ್–ಲೆಹ್ಮರ್ ಪರೀಕ್ಷೆ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಾಂಕಕ್ಕಿಂತ ಎರಡು ಕಡಿಮೆ ಬಾರಿ, ಅಂದರೆ 65 ಬಾರಿ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಇಲ್ಲಿ ಆಗುವ ತಪ್ಪುಗಳು ಬೆರಳೆಣಿಕೆಯವು: ಒಂದು ಹೆಜ್ಜೆ ಹೆಚ್ಚು ಅಥವಾ ಕಡಿಮೆ, ವರ್ಗ ಮಾಡಿದಾಗ ಬರುವ 41 ಅಂಕಿಗಳ ತನಕದ ಸಂಖ್ಯೆ ಕೋಶದಿಂದ ಹೊರಚೆಲ್ಲುವುದು, 2 ಕಳೆದಾಗ ಋಣವಾದದ್ದನ್ನು ಸರಿಪಡಿಸದಿರುವುದು. ಹೆಜ್ಜೆಯ ತಪ್ಪು ಹಿಡಿಯಲು 127ನ್ನು (2⁷ − 1) ಕೊಡಿ, ಸಾಲು 4, 14, 67, 42, 111, 0 ಎಂದು ಬರಬೇಕು. 2047ಕ್ಕೆ ಒಂಬತ್ತನೆಯ ಹೆಜ್ಜೆಯಲ್ಲಿ 1736 ಬರಬೇಕು. ಎರಡೂ ಸರಿ ಬಂದ ಮೇಲೆ 2⁶⁷ − 1ಕ್ಕೆ ಹೋಗಿ.

ಕೆಲವರು ಇನ್ನೊಂದು ದೂರು ತರುತ್ತಾರೆ: "ಸಂಯುಕ್ತ ಎಂದು ಹೇಳುತ್ತದೆ, ಆದರೆ ಅಪವರ್ತನ ಯಾವುದೆಂದು ತೋರಿಸುವುದಿಲ್ಲ." ಇದು ದೋಷವಲ್ಲ. ಆ ಪರೀಕ್ಷೆಯ ಸ್ವಭಾವವೇ ಹಾಗೆ. ಲುಕಾಸನ ಉತ್ತರಕ್ಕೂ ಕೋಲನ ಉತ್ತರಕ್ಕೂ ನಡುವೆ 27 ವರ್ಷ ಕಳೆದದ್ದು ಇದೇ ಕಾರಣಕ್ಕೆ.

ಲಕ್ಷಣ: ಅಪವರ್ತನ ಹುಡುಕುವ ಪ್ರೋಗ್ರಾಂ ಮುಗಿಯುತ್ತಲೇ ಇಲ್ಲ

ಮೊದಲು ನೋಡಬೇಕಾದದ್ದು ಪ್ರೋಗ್ರಾಂ ಎಲ್ಲಿಯ ತನಕ ಹುಡುಕುತ್ತಿದೆ ಎಂಬುದು. ಸಂಖ್ಯೆಯ ತನಕವೇ ಹೋಗುತ್ತಿದ್ದರೆ ಈ ಜನ್ಮದಲ್ಲಿ ಮುಗಿಯದು. ವರ್ಗಮೂಲದ ತನಕ ಸಾಕು, ಆದರೆ ಅದೂ ಸುಮಾರು 1,214 ಕೋಟಿ 80 ಲಕ್ಷ. ಅಲ್ಲಿಯ ತನಕದ ಸಂಖ್ಯೆಗಳ ಪಟ್ಟಿಯನ್ನು ನೆನಪಿನಲ್ಲಿ ಕಟ್ಟಲು ಹೋದರೆ, ಒಂದಕ್ಕೆ ಒಂದೇ ಬೈಟ್ ಹಿಡಿದರೂ 12 ಜಿಬಿ ಬೇಕು. ಲ್ಯಾಪ್‌ಟಾಪ್ ಸ್ತಬ್ಧವಾಗಿ ಮೌಸ್ ಕೂಡ ಅಲುಗಾಡದಿದ್ದರೆ ಕಾರಣ ಇದೇ. ಪಟ್ಟಿ ಕಟ್ಟಬೇಡಿ, ಒಂದೊಂದಾಗಿ ನೋಡುತ್ತಾ ಹೋಗಿ.

ಎರಡನೆಯದು, ಅಪವರ್ತನ ಸಿಕ್ಕಿದ ಮೇಲೂ ಪ್ರೋಗ್ರಾಂ ನಿಲ್ಲದಿರುವುದು. 193707721 ಸಿಕ್ಕಿದ ಕೂಡಲೇ ಭಾಗಿಸಿ, ಉಳಿದ 761838257287ನ್ನು ಕೈಗೆತ್ತಿಕೊಳ್ಳಬೇಕು. ಇಲ್ಲೊಂದು ಸೊಗಸು ಇದೆ. ಚಿಕ್ಕದರಿಂದ ಮೇಲಕ್ಕೆ ಹುಡುಕಿದ್ದರಿಂದ 193707721ಕ್ಕಿಂತ ಕಡಿಮೆಯ ಅಪವರ್ತನ ಇಲ್ಲವೆಂದು ಈಗಾಗಲೇ ಖಚಿತವಾಗಿದೆ. ಉಳಿದ ಸಂಖ್ಯೆಯ ವರ್ಗಮೂಲ 8,72,833ರ ಆಸುಪಾಸು ಮಾತ್ರ. ಅಷ್ಟರೊಳಗೆ ಅದಕ್ಕೆ ಅಪವರ್ತನ ಇರಲು ಸಾಧ್ಯವೇ ಇಲ್ಲ. ಆದುದರಿಂದ ಅದು ಅವಿಭಾಜ್ಯ, ಬೇರೆ ಪರೀಕ್ಷೆ ಬೇಡ. ಒಟ್ಟು ಭಾಜಕಗಳು ನಾಲ್ಕೇ: 1, ಈ ಎರಡು, ಮತ್ತು ಸಂಖ್ಯೆ ತಾನೇ. ನಿಮ್ಮ ಪಟ್ಟಿಯಲ್ಲಿ ಐದನೆಯದು ಇದ್ದರೆ ಹಿಂದಿನ ಭಾಗಾಕಾರದ ವಿಭಾಗಕ್ಕೆ ಮರಳಿ.

ಮೂರನೆಯದು, ಹುಡುಕುವ ದಾರಿಯನ್ನೇ ಕಿರಿದಾಗಿಸುವುದು. ಘಾತಾಂಕ 67 ಬೆಸ ಅವಿಭಾಜ್ಯವಾದ್ದರಿಂದ 2⁶⁷ − 1ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 134ರ ಗುಣಕಕ್ಕೆ ಒಂದು ಕೂಡಿದ ರೂಪದಲ್ಲಿಯೇ ಇರಬೇಕು. ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಎರಡೂ ನಿಯಮಗಳನ್ನು ಸೇರಿಸಿದರೆ 134ರ ಗುಣಕಾಂಕವನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1 ಇರುವವು ಮಾತ್ರ ಉಳಿಯುತ್ತವೆ. 135, 537, 671, 1073, 1207 ಇವೆಲ್ಲ ಸಂಯುಕ್ತ. ಪರೀಕ್ಷಿಸಲು ಯೋಗ್ಯವಾದ ಮೊದಲ ಸಂಖ್ಯೆಯೇ 1609. 193707721 = 134 × 1445580 + 1. ಅಲ್ಲಿಗೆ ತಲುಪಲು 7,22,790 ಸಂಖ್ಯೆಗಳನ್ನು ನೋಡಿದರೆ ಸಾಕು. ಕೋಟಿಗಳಿಂದ ಲಕ್ಷಗಳಿಗೆ ಇಳಿಯಿತು. ಪ್ರೋಗ್ರಾಂ ಇಷ್ಟಕ್ಕೂ ಗಂಟೆಗಟ್ಟಲೆ ತೆಗೆದುಕೊಂಡರೆ ಅದರೊಳಗೆ ಬೇರೇನೋ ಕೆಟ್ಟಿದೆ. ಪ್ರತಿ ಸುತ್ತಿನಲ್ಲೂ ಪರದೆಗೆ ಮುದ್ರಿಸುತ್ತಿದೆಯೇ ಎಂದು ಮೊದಲು ನೋಡಿ.

ಒಂದು ಭಾಜಕವನ್ನು ಕೈಯಲ್ಲೇ ಖಚಿತಪಡಿಸಿಕೊಳ್ಳುವುದೂ ಸಾಧ್ಯ. 21 ಅಂಕಿಯನ್ನು ಮುಟ್ಟಲೇಬೇಕಾಗಿಲ್ಲ. 67 = 64 + 2 + 1. ಎರಡರ 32ನೇ ಘಾತ 4294967296. ಇದನ್ನು 193707721ರಿಂದ ಭಾಗಿಸಿದರೆ 22 ಸಲ ಹೋಗಿ 33397434 ಉಳಿಯುತ್ತದೆ. ಅದರ ವರ್ಗ 1115388597784356. ಭಾಗಿಸಿದರೆ 5758100 ಸಲ ಹೋಗಿ 169494256 ಉಳಿಯುತ್ತದೆ. ಇದು 64ನೇ ಘಾತದ ಶೇಷ. ಇನ್ನು ಮೂರು ಸಲ ಇಮ್ಮಡಿಸಬೇಕು, ಅಂದರೆ 8ರಿಂದ ಗುಣಿಸಬೇಕು: 1355954048. ಭಾಜಕದ ಏಳರಷ್ಟು 1355954047. ಶೇಷ 1. ಒಂದು ಕಳೆದರೆ ಸೊನ್ನೆ, ನಿಶ್ಶೇಷ ಭಾಗಾಕಾರ. ಪೈಥಾನ್‌ನ ಘಾತದ ಫಂಕ್ಷನ್‌ಗೆ ಆಧಾರ, ಘಾತಾಂಕ, ಭಾಜಕ ಎಂದು ಮೂರು ಸಂಖ್ಯೆ ಕೊಟ್ಟರೆ ಅದು ಒಳಗೆ ಮಾಡುವುದೂ ಇದೇ ಬಗೆಯ ಕೆಲಸ. ಮಧ್ಯದ ವರ್ಗ 16 ಅಂಕಿಯದು ಎಂಬುದನ್ನು ಗಮನಿಸಿ. ಸಾಧಾರಣ ಕ್ಯಾಲ್ಕುಲೇಟರ್ ಅಲ್ಲಿಯೇ ಕೈಚೆಲ್ಲುತ್ತದೆ.

ಸುರಕ್ಷತೆ

ನಮ್ಮ ಕರಾವಳಿಯಲ್ಲಿ ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲು ಜೋರು. ಪ್ರೋಗ್ರಾಂ ಓಡುತ್ತಿದೆ ಎಂದು ಚಾರ್ಜರನ್ನು ಗೋಡೆಯಲ್ಲಿ ಬಿಡಬೇಡಿ, ಗುಡುಗು ಕೇಳಿದ ಕೂಡಲೇ ತೆಗೆಯಿರಿ. ನೆಟ್ ಕೇಬಲನ್ನೂ ಬಿಡಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ, ಆದುದರಿಂದ ಎಲ್ಲಿಯ ತನಕ ನೋಡಿಯಾಯಿತು ಎಂಬುದನ್ನು ಪ್ರೋಗ್ರಾಂ ಆಗಾಗ ಕಡತದಲ್ಲಿ ಬರೆದಿಡುವಂತೆ ಮಾಡಿ.

ಎಡೆಬಿಡದ ಲೆಕ್ಕದಿಂದ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಬಿಸಿಯಾಗುತ್ತವೆ, ಮೇ ತಿಂಗಳ ಸೆಕೆಯಲ್ಲಿ ಇನ್ನೂ ಬೇಗ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಇಟ್ಟು ರಾತ್ರಿಯಿಡೀ ಓಡಿಸಬೇಡಿ. ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಬ್ಯಾಟರಿ ಉಬ್ಬಿದ್ದು ಕಂಡರೆ ಮತ್ತೆ ಚಾರ್ಜಿಗೆ ಹಾಕದೆ ರಿಪೇರಿಯವರಿಗೆ ಒಪ್ಪಿಸಿ.

ಅಂತರಜಾಲದಲ್ಲಿ ಅಪವರ್ತಿಸಿ ಕೊಡುವ ಸೇವೆಗಳಿವೆ. ನಮ್ಮ ಈ ಸಂಖ್ಯೆಯನ್ನು ಹಾಕಿ ನೋಡುವುದರಲ್ಲಿ ಅಪಾಯವಿಲ್ಲ. ಆದರೆ ನಿಮ್ಮ ಕಚೇರಿಯ ಅಥವಾ ಬ್ಯಾಂಕಿನ ಭದ್ರತಾ ಕೀಲಿಗೆ ಸಂಬಂಧಿಸಿದ ಸಂಖ್ಯೆಯನ್ನು ಅಲ್ಲಿ ಅಂಟಿಸಲೇಬಾರದು.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

127 ಮತ್ತು 2047ಕ್ಕೆ ಸರಿಯುತ್ತರ ಕೊಡುವ ಪ್ರೋಗ್ರಾಂ 2⁶⁷ − 1ಕ್ಕೆ ಮಾತ್ರ ತಪ್ಪುತ್ತಿದ್ದರೆ ಅದು ಕೋಶದ ಅಳತೆಯ ದೋಷ. ಶಾಲೆಯ ಕಂಪ್ಯೂಟರ್ ಶಿಕ್ಷಕರು ಬಿಡಿಸಿಕೊಡಬಲ್ಲರು. ಚಿಕ್ಕ ಸಂಖ್ಯೆಗೂ ತಪ್ಪುತ್ತಿದ್ದರೆ ಗಣಿತದ ಹೆಜ್ಜೆಯಲ್ಲಿ ದೋಷವಿದೆ, ಗಣಿತದ ಶಿಕ್ಷಕರ ಬಳಿ ಹೋಗಿ. ಒಂದೇ ಪ್ರೋಗ್ರಾಂ ಒಂದೇ ಯಂತ್ರದಲ್ಲಿ ಎರಡು ಸಲ ಎರಡು ಉತ್ತರ ಕೊಟ್ಟರೆ ಯಂತ್ರದ ಮೆಮೊರಿಯನ್ನೇ ಪರೀಕ್ಷಿಸಬೇಕಾಗಬಹುದು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಘಾತಾಂಕವನ್ನು ನೂರಾರಿಗೆ ಏರಿಸಿ ಅಪವರ್ತನ ಹುಡುಕಬೇಕೆಂಬ ಹುಮ್ಮಸ್ಸು ಇದ್ದರೆ ಇಲ್ಲಿ ಹೇಳಿದ ದಾರಿ ಸಾಲದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ), ಮಣಿಪಾಲ, ಎಲ್ಲ ಕಡೆಯೂ ಗಣಿತ ಕಲಿಸುವವರಿದ್ದಾರೆ. ಶಾಲೆಯ ಮೂಲಕ ಪತ್ರ ಬರೆದು ಕೇಳಬಹುದು. ಕೇಳುವಾಗ ಪರದೆಯ ಫೋಟೊ ಕಳುಹಿಸಬೇಡಿ, ಅದರಿಂದ ಅಂಕಿಗಳನ್ನು ಮತ್ತೆ ಟೈಪ್ ಮಾಡುವಾಗ ಹೊಸ ತಪ್ಪು ಹುಟ್ಟುತ್ತದೆ. ಪ್ರೋಗ್ರಾಂನ ಪಠ್ಯ, ಘಾತಾಂಕ, ಬಂದ ಉತ್ತರ ಪೂರ್ತಿ ಅಂಕಿಗಳಲ್ಲಿ, 127 ಮತ್ತು 2047ಕ್ಕೆ ಬಂದ ಉತ್ತರ, 9 ಮತ್ತು 11ರ ಶೇಷಗಳು: ಇಷ್ಟನ್ನು ಪಠ್ಯ ಕಡತವಾಗಿ ಕೊಡಿ.